ಎಂಬತ್ತು ದಾಟಿದರೆ ನಡುಕ

ತಿಡಗುಂದಿಯವರೆಗೆ ಕಾರು ಎಂದಿನಂತೆಯೇ ಇತ್ತು. ವಿಜಯಪುರ ಬಿಟ್ಟು ಸೊಲ್ಲಾಪುರದ ಕಡೆ ಹೊರಟಿದ್ದೆವು. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಕೈಯಲ್ಲಿ ಕಣ್ಣಿನ ಡಾಕ್ಟರ ಹಳೆಯ ಚೀಟಿ. ಊರು ದಾಟಿ ನಾಲ್ಕು ಪಥದ ಹೆದ್ದಾರಿ ಸಿಕ್ಕಿತೆಂದರೆ ಕಾಲು ತಾನಾಗಿಯೇ ಕೆಳಗಿಳಿಯುತ್ತದೆ. ಮುಳ್ಳು 80ಕ್ಕೆ ಬಂದಾಗ ಅಂಗೈಯಲ್ಲಿ ಸಣ್ಣಗೆ ಜುಮುಜುಮು ಶುರುವಾಯಿತು. 85ಕ್ಕೆ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ನಡುಗತೊಡಗಿತು. 90 ಮುಟ್ಟುವ ಹೊತ್ತಿಗೆ ಡ್ಯಾಶ್‌ಬೋರ್ಡಿನ ಮೇಲಿಟ್ಟ ಅತ್ತೆಯ ಕನ್ನಡಕದ ಡಬ್ಬಿ ಕಟಕಟ ಅನ್ನುತ್ತ ಗಾಜಿನ ಕಡೆಗೆ ಸರಿಯಿತು. ವೇಗ ಇಳಿಸಿ 70ಕ್ಕೆ ತಂದೆ, ನಡುಕ ನಿಂತಿತು. ಮತ್ತೆ ಏರಿಸಿದೆ, ಸರಿಯಾಗಿ ಅದೇ ಜಾಗಕ್ಕೆ ಬಂದು ಹಿಡಿಯಿತು. ಹೊರ್ತಿಯ ಹತ್ತಿರ ಬದಿಗೆ ನಿಲ್ಲಿಸಿ ನಾಲ್ಕೂ ಗಾಲಿ ಸುತ್ತಿ ನೋಡಿದೆ. ಗಾಳಿ ಸರಿಯಿತ್ತು, ನಟ್ಟುಗಳು ಬಿಗಿಯಿದ್ದವು, ಹೊರಗಿನಿಂದ ಕಣ್ಣಿಗೆ ಬೀಳುವಂಥದ್ದು ಏನೂ ಇರಲಿಲ್ಲ. ಕೊನೆಗೆ 65ರಲ್ಲೇ ಸೊಲ್ಲಾಪುರ ಮುಟ್ಟಿ, 65ರಲ್ಲೇ ತಿರುಗಿ ಬಂದೆವು.

ಮರುದಿನ ಮೊದಲು ಹೋದ ಅಂಗಡಿಯಲ್ಲಿ ಗಾಲಿಯನ್ನು ನೆಲದಿಂದ ಎತ್ತಿ ಕೂಡ ನೋಡಲಿಲ್ಲ. ಸ್ಟೇರಿಂಗನ್ನು ಎರಡು ಸಲ ಅತ್ತಿತ್ತ ತಿರುವಿ, ರ‍್ಯಾಕ್ ಹೋಗಿದೆ, ಬದಲಿಸಬೇಕು ಎಂದರು. ರ‍್ಯಾಕ್ ಎಂದರೆ ಸ್ಟೇರಿಂಗಿನ ತಿರುವನ್ನು ಗಾಲಿಗೆ ಮುಟ್ಟಿಸುವ ಭಾಗ, ಸಾವಿರಗಳ ಲೆಕ್ಕ. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಅಥಣಿ ರಸ್ತೆಯ ಬದಿಯಲ್ಲಿ ತಗಡಿನ ಶೆಡ್ಡಿನೊಳಗೆ ಕೆಲಸ ಮಾಡುವ ಹಿರಿಯ ಮಿಸ್ತ್ರಿಯೊಬ್ಬರಿದ್ದಾರೆ. ಹಳ್ಳಿಗಳಿಗೆ ಕಮಾಂಡರ್ ಜೀಪುಗಳು ಓಡುತ್ತಿದ್ದ ಕಾಲದಿಂದ ಪಾನಾ ಹಿಡಿದವರು. ಅವರು ಬಾನೆಟ್ ತೆಗೆಯಲಿಲ್ಲ, ಕೀಲಿ ಕೇಳಲಿಲ್ಲ. ಕೈ ಒರೆಸಿಕೊಳ್ಳುತ್ತ ನಿಂತು ಮಾತಿಗಿಳಿದರು.

"ಯಾವಾಗ ನಡಗತೈತ್ರಿ?"

"ಹೈವೇದಾಗ."

"ಹಂಗ ಅಂದ್ರ ತಿಳಿಯೂದಿಲ್ರಿ. ಎಷ್ಟರಾಗ?"

"ಎಂಬತ್ತು ದಾಟಿದ ಮ್ಯಾಲ. ಎಪ್ಪತ್ತಕ್ಕ ಇಳಿಸಿದ್ರ ನಿಂದರತೈತಿ."

"ಬ್ರೇಕ್ ಹಿಡದಾಗೋ, ಸುಮ್ಮ ಓಡೂ ಮುಂದೋ?"

"ಸುಮ್ಮ ಓಡೂ ಮುಂದ."

"ಕುಂತ ಸೀಟೂ ನಡಗತೈತೋ, ಬರೇ ಸ್ಟೇರಿಂಗೋ?"

"ಬರೇ ಸ್ಟೇರಿಂಗ್."

ಒಂದು ಗಳಿಗೆ ಸುಮ್ಮನಿದ್ದು ಕೊನೆಯ ಪ್ರಶ್ನೆ ಕೇಳಿದರು. "ನಿನ್ನಿ ಮೊನ್ನಿ ಯಾರದರ ಹೊಲಕ್ಕ ಹೋಗಿದ್ರೇನು?"

ಹೋಗಿದ್ದೆ. ಸೊಲ್ಲಾಪುರಕ್ಕೆ ಹೊರಡುವ ಹಿಂದಿನ ಸಂಜೆ ತಿಕೋಟಾದ ಆಚೆ ನೆಂಟರ ದ್ರಾಕ್ಷಿ ತೋಟಕ್ಕೆ. ಉತ್ತರಿ ಮಳೆ ಎರಡು ದಿನ ಹಿಡಿದು ಬಿಟ್ಟಿತ್ತು. ಡಾಂಬರು ಬಿಟ್ಟು ಚಕ್ಕಡಿ ದಾರಿಗೆ ಇಳಿದು ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಗಾಲಿಗಳು ಎರೆಮಣ್ಣು ಮೆತ್ತಿಕೊಂಡು ದಪ್ಪವಾಗಿದ್ದವು. ತಿರುಗಿ ಬಂದು ಮನೆಯ ಮುಂದೆ ನಿಲ್ಲಿಸಿ, ಬೆಳಗ್ಗೆ ಎದ್ದು ಹೊರಗಿನ ಮಣ್ಣಿಗೆ ಎರಡು ಬಕೀಟು ನೀರು ಹೊಡೆದು ತೊಳೆದಾಯಿತು ಅಂದುಕೊಂಡಿದ್ದೆ.

ಮಿಸ್ತ್ರಿ ಮುಂದಿನ ಎಡಗಾಲಿಗೆ ಜಾಕ್ ಕೊಟ್ಟು ಬಿಚ್ಚಿದರು. ಮಗುಚಿ ನೆಲಕ್ಕೆ ಹಾಕಿದಾಗ ರಿಮ್ಮಿನ ಒಳಮೈ ಕಂಡಿತು. ಒಂದು ಬದಿಯಲ್ಲಿ ಮಾತ್ರ, ಅಂಗೈ ಉದ್ದಕ್ಕೆ, ಕಪ್ಪು ಮಣ್ಣಿನ ಪದರು ಹತ್ತಿ ಕಲ್ಲಾಗಿತ್ತು. ಸ್ಕ್ರೂಡ್ರೈವರಿನ ತುದಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಹೆಂಚಿನ ತುಂಡಿನಂತೆ, ರಿಮ್ಮಿನ ಬಾಗನ್ನೇ ಹೊತ್ತುಕೊಂಡು, ಇಡಿಯಾಗಿ ಎದ್ದು ಬಂತು. ಮೇಲ್ಮೈಯಲ್ಲಿ ನಮ್ಮ ಹೊಲಗಳಲ್ಲಿ ಬೇಸಿಗೆಗೆ ಬೀಳುವಂಥ ಬಿರುಕುಗಳು, ಅಷ್ಟೇ ಸಣ್ಣವು. ಒಳಗೆ ಒಂದು ಜೋಳದ ದಂಟಿನ ಚೂರೂ ಸಿಕ್ಕಿಕೊಂಡಿತ್ತು. ಕುತೂಹಲ ತಡೆಯದೆ ಅದನ್ನು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿಸಿದೆ. 60 ಗ್ರಾಂ. ಒಂದು ಕೋಳಿಮೊಟ್ಟೆಯ ತೂಕ.

ಇಷ್ಟು ಮಣ್ಣಿಗೆ ಒಂದು ಟನ್ನಿನ ಹತ್ತಿರದ ಕಾರು ನಡುಗುತ್ತದೆಯೇ ಎಂದು ಅನುಮಾನ ಬರುವುದು ಸಹಜ. ಲೆಕ್ಕ ಹಾಕಿ ನೋಡಬಹುದು. ಸಣ್ಣ ಕಾರಿನ ಟೈರು ಒಂದು ಸುತ್ತು ಉರುಳಿದರೆ ಸುಮಾರು 1.8 ಮೀಟರ್ ಸಾಗುತ್ತದೆ. ಗಂಟೆಗೆ 90 ಕಿಲೋಮೀಟರ್ ಅಂದರೆ ಸೆಕೆಂಡಿಗೆ 25 ಮೀಟರ್. ಅಂದರೆ ಗಾಲಿ ಸೆಕೆಂಡಿಗೆ 13–14 ಸುತ್ತು ತಿರುಗುತ್ತಿರುತ್ತದೆ. ಕವಣೆಯಲ್ಲಿಟ್ಟ ಕಲ್ಲು ಹಗ್ಗವನ್ನು ಹೇಗೆ ಹೊರಗೆ ಎಳೆಯುತ್ತದೋ ಹಾಗೆ ಆ ಮಣ್ಣಿನ ಹೆಂಟೆ ಗಾಲಿಯನ್ನು ಹೊರಗೆ ಎಳೆಯುತ್ತದೆ. ಆ ವೇಗದಲ್ಲಿ ಅದರ ಸೆಳೆತ ಹೆಚ್ಚೂಕಡಿಮೆ ಏಳೂವರೆ ಕಿಲೋ ಭಾರಕ್ಕೆ ಸಮ. ಒಮ್ಮೆ ಮೇಲಕ್ಕೆ, ಒಮ್ಮೆ ಮುಂದಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಹಿಂದಕ್ಕೆ, ಸೆಕೆಂಡಿಗೆ 13 ಸಲ. ವೇಗ ಅರ್ಧಕ್ಕೆ ಇಳಿದರೆ ಸೆಳೆತ ಕಾಲುಭಾಗಕ್ಕೆ ಇಳಿಯುತ್ತದೆ. 45ರಲ್ಲಿ ಅದು ಎರಡು ಕಿಲೋಗೂ ಕಡಿಮೆ. ಊರೊಳಗೆ ಓಡಾಡುವಾಗ ನನಗೆ ಏನೂ ಗೊತ್ತಾಗದಿದ್ದುದಕ್ಕೆ ಇದೇ ಕಾರಣ. ಟ್ರ್ಯಾಕ್ಟರಿನ ಗಾಲಿಗೆ ಬುಟ್ಟಿಗಟ್ಟಲೆ ಮಣ್ಣು ಮೆತ್ತಿದರೂ ಅದು ನಡುಗದಿರುವುದಕ್ಕೂ ಇದೇ ಕಾರಣ.

ಇನ್ನೊಂದು ಸಂಗತಿಯೂ ಕೂಡಿಕೊಳ್ಳುತ್ತದೆ. ಕಾರಿನ ಗಾಲಿ, ಅದನ್ನು ಹಿಡಿದ ಸ್ಪ್ರಿಂಗು, ಟೈರು, ಇವೆಲ್ಲಕ್ಕೂ ತಮ್ಮದೇ ಆದ ಒಂದು ತೂಗುವ ಲಯವಿದೆ, ಸೆಕೆಂಡಿಗೆ ಸುಮಾರು 10ರಿಂದ 15 ಸಲ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ಬೆರಳಿನಿಂದ ನೂಕಿದರೂ ಎತ್ತರಕ್ಕೆ ಏರುತ್ತದಲ್ಲ, ಹಾಗೆ. 80 ದಾಟುವ ಹೊತ್ತಿಗೆ ಗಾಲಿಯ ಸುತ್ತು ಈ ಲಯಕ್ಕೆ ಕೂಡಿಬರುತ್ತದೆ. ಅದಕ್ಕೇ ಬ್ಯಾಲೆನ್ಸ್ ತಪ್ಪಿದ ಗಾಲಿ ಒಂದು ವೇಗಕ್ಕೆ ನಡುಗಿ, ಅದನ್ನು ದಾಟಿದ ಮೇಲೆ ಕೆಲವೊಮ್ಮೆ ಸಮಾಧಾನವಾದಂತೆ ಕಾಣುತ್ತದೆ. ಹಾಗಂತ ನಡುಕ ತಪ್ಪಿಸಲು ಇನ್ನೂ ಜೋರಾಗಿ ಓಡಿಸುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ಸೆಳೆತ ಕಡಿಮೆಯಾಗಿರುವುದಿಲ್ಲ, ಕೈಗೆ ಗೊತ್ತಾಗುವುದು ಮಾತ್ರ ಕಡಿಮೆಯಾಗಿರುತ್ತದೆ.

ನನಗೆ ಆ ಮಣ್ಣಿನ ತುಂಡು ಒಂದೇ ಬದಿಗೆ ಏಕೆ ಕೂತಿತು ಎಂಬುದೇ ಹೆಚ್ಚು ಕಾಡಿತ್ತು. ಓಡುವಾಗ ಮಣ್ಣು ಸುತ್ತಲೂ ಸಮನಾಗಿ ಮೆತ್ತಬೇಕಲ್ಲ? ಮಿಸ್ತ್ರಿ ಬಿಡಿಸಿ ಹೇಳಿದರು. ಓಡುವಾಗ ಸಮನಾಗಿಯೇ ಮೆತ್ತಿರುತ್ತದೆ. ರಾತ್ರಿ ನಿಲ್ಲಿಸಿದಾಗ ಹಸಿ ಮಣ್ಣು ಜಾರಿ ಜಾರಿ ರಿಮ್ಮಿನ ತಳಕ್ಕೆ ಬಂದು ಕೂಡುತ್ತದೆ, ಬೆಳಗಿನ ಬಿಸಿಲಿಗೆ ಅಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಅದು ಮಣ್ಣಲ್ಲ, ಗಾಲಿಗೆ ಕಟ್ಟಿದ ತೂಕದ ಕಲ್ಲು.

ಈ ಕಾಯಿಲೆ ಎಲ್ಲಾ ಊರಿನ ಕಾರುಗಳಿಗೂ ಬರಬಹುದು. ಆದರೆ ನಮ್ಮಲ್ಲಿ ಇದಕ್ಕೆ ನೆಲವೇ ಸಹಾಯ ಮಾಡುತ್ತದೆ. ತಿಕೋಟಾ, ಬಬಲೇಶ್ವರದ ಎರೆಭೂಮಿ ದಖ್ಖನ್ನಿನ ಕಪ್ಪುಕಲ್ಲು ಸವೆದು ಆದ ಮಣ್ಣು. ಅದರೊಳಗಿನ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದರೆ ಕುಗ್ಗಿ ಕಾಲು ಸಿಗುವಷ್ಟು ಬಿರಿಯುತ್ತವೆ. ಸಾರವಾಡದ ಬಳಿ ಡೋಣಿ ನದಿಯ ಆಜೂಬಾಜೂ ಆ ಮಣ್ಣು ಎಷ್ಟು ಆಳವೆಂದರೆ, ಡೋಣಿ ಹರಿದರೆ ಓಣಿಯೆಲ್ಲ ಜೋಳ ಅನ್ನುವ ಮಾತು ಅಲ್ಲಿಯೇ ಹುಟ್ಟಿದ್ದು. ಅದೇ ಮಣ್ಣು ಕಾರಿಗೆ ಮಾತ್ರ ಎರಡು ಬಗೆಯಲ್ಲಿ ಕಾಟ ಕೊಡುತ್ತದೆ. ಹಸಿಯಿದ್ದಾಗ ಗೋಂದಿನಂತೆ ರಿಮ್ಮಿಗೆ ಅಂಟುತ್ತದೆ. ರಸ್ತೆಯ ಅಡಿಯಲ್ಲಿದ್ದಾಗ ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಕುಸಿದು, ಮೇಲಿನ ಡಾಂಬರನ್ನು ಅಲೆಯಲೆಯಾಗಿ ಮಾಡುತ್ತದೆ, ಅಂಚು ಒಡೆಯುತ್ತದೆ, ತಗ್ಗು ಬೀಳುತ್ತದೆ. ಕಬ್ಬಿನ ಹಂಗಾಮಿನಲ್ಲಿ ಕೃಷ್ಣಾ ದಂಡೆಯ ಸಕ್ಕರೆ ಕಾರ್ಖಾನೆಗಳಿಗೆ ಎರಡೆರಡು ಟ್ರೇಲರ್ ಎಳೆದು ಹೋಗುವ ಟ್ರ್ಯಾಕ್ಟರುಗಳ ಭಾರಕ್ಕೆ ಆ ತಗ್ಗುಗಳು ಇನ್ನಷ್ಟು ಆಳವಾಗುತ್ತವೆ. ಆ ತಗ್ಗಿಗೆ 60ರ ವೇಗದಲ್ಲಿ ಇಳಿದ ಗಾಲಿಯ ರಿಮ್ಮು ಬಾಗದೇ ಇದ್ದರೆ ಅದೇ ಆಶ್ಚರ್ಯ.

ಬಾಗಿದ ರಿಮ್ಮಿನ ನಡುಕ ಬೇರೆ ಥರ. ಅದು 80ರವರೆಗೆ ಕಾಯುವುದಿಲ್ಲ. 30–40ರಲ್ಲೇ ಸ್ಟೇರಿಂಗ್ ನಿಧಾನಕ್ಕೆ ಎಡಬಲ ತೂಗಾಡುತ್ತದೆ, ಹಳೆಯ ಚಕ್ಕಡಿ ಗಾಲಿ ಗುಂಬದಲ್ಲಿ ಸಡಿಲಾಗಿ ವಾಲಾಡಿದ ಹಾಗೆ. ಗಾಲಿ ಎತ್ತಿ ತಿರುಗಿಸಿ, ಅಂಚಿನ ಹತ್ತಿರ ಒಂದು ಕಡ್ಡಿ ಹಿಡಿದರೆ ಸಾಕು, ಒಂದು ಕಡೆ ಕಡ್ಡಿಗೆ ತಾಕುತ್ತದೆ, ಒಂದು ಕಡೆ ದೂರ ಹೋಗುತ್ತದೆ. ಕಬ್ಬಿಣದ ರಿಮ್ಮು ಸ್ವಲ್ಪ ಬಾಗಿದ್ದರೆ ನೇರ ಮಾಡಬಹುದು. ಅಲಾಯ್ ರಿಮ್ಮನ್ನು ಕಾಯಿಸಿ ಬಡಿದು ನೇರ ಮಾಡಿದರೆ ಒಳಗೆ ಕಣ್ಣಿಗೆ ಕಾಣದ ಬಿರುಕು ಉಳಿಯುವ ಅಪಾಯವಿದೆ, ಅದಕ್ಕೆ ದುಡ್ಡು ಉಳಿಸಲು ಹೋಗಬಾರದು. ಕಡಿಮೆ ವೇಗದ ಇದೇ ತೂಗಾಟ ಟೈರಿನ ಒಳಗಿನ ಉಕ್ಕಿನ ಪಟ್ಟಿ ಬಿಟ್ಟಾಗಲೂ ಬರುತ್ತದೆ. ಟೈರಿನ ಮೈಮೇಲೆ ಎಲ್ಲಾದರೂ ಗುಳ್ಳೆ ಎದ್ದಿದ್ದರೆ ಆ ಟೈರನ್ನು ಅವತ್ತೇ ತೆಗೆಯಬೇಕು. ಏಪ್ರಿಲ್‌–ಮೇ ಬಿಸಿಲಲ್ಲಿ, ತುಂಬಿದ ಗಾಡಿಯಲ್ಲಿ, ಅದು ಒಡೆಯುವುದಕ್ಕೆ ಮುಂಚೆ ಇನ್ನೊಂದು ಸೂಚನೆ ಕೊಡುವುದಿಲ್ಲ.

ಟೈರಿನ ವಯಸ್ಸನ್ನು ನೋಡುವ ರೂಢಿ ನಮ್ಮಲ್ಲಿ ಕಡಿಮೆ. ಟೈರಿನ ಪಕ್ಕೆಯ ಮೇಲೆ ಒಂದು ಚಿಕ್ಕ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಪುಣೆ, ಮುಂಬೈಗೆ ದುಡಿಯಲು ಹೋದ ಎಷ್ಟೋ ಮನೆಗಳಲ್ಲಿ ಕಾರು ಊರಲ್ಲೇ ನಿಂತಿರುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೋ ಮದುವೆಗೋ ಬಂದಾಗ ಮಾತ್ರ ಹೊರಗೆ ತೆಗೆಯುತ್ತಾರೆ. ಟೈರಿನ ಹಲ್ಲು ಹೊಸದರಂತೆ ಕಾಣುತ್ತದೆ, ಕಾನೂನು ಹೇಳುವ 1.6 ಮಿಲಿಮೀಟರಿಗಿಂತ ಎಷ್ಟೋ ಆಳವಿರುತ್ತದೆ, ರಬ್ಬರು ಮಾತ್ರ ಬಿಸಿಲಿಗೆ ಬಿರಿದು ಮುದಿಯಾಗಿರುತ್ತದೆ. ತಿಂಗಳುಗಟ್ಟಲೆ ಒಂದೇ ಕಡೆ ಭಾರ ಹೊತ್ತು ನಿಂತ ಟೈರು ತಳದಲ್ಲಿ ಚಪ್ಪಟೆಯಾಗಿ ಮೊದಲ ಹತ್ತಿಪ್ಪತ್ತು ಕಿಲೋಮೀಟರ್ ನಡುಗಿಸುತ್ತದೆ. ಬಿಸಿಯಾದ ಮೇಲೆ ನಡುಕ ಹೋದರೆ ಸರಿ. ಹೋಗದಿದ್ದರೆ ಬದಲಿಸುವುದೇ ದಾರಿ.

ನನ್ನ ಕಾರಿಗೆ ಮರಳುತ್ತೇನೆ. ಮಿಸ್ತ್ರಿ ನಾಲ್ಕೂ ಗಾಲಿ ಬಿಚ್ಚಿ ಕೆರೆದರು, ನೀರಿನ ಪೈಪಿನಿಂದ ಒಳಮೈ ತೊಳೆದರು, ಆಮೇಲೆ ಬ್ಯಾಲೆನ್ಸಿಂಗ್ ಯಂತ್ರ ಇದ್ದವರ ಕಡೆಗೆ ಕಳಿಸಿದರು. ಹೋಗುವ ಮುಂಚೆ ಒಂದು ಮಾತು ಹೇಳಿದರು, ಅದನ್ನು ಇಲ್ಲಿ ಬರೆಯುವುದಕ್ಕಾಗಿಯೇ ಈ ಲೇಖನಕ್ಕೆ ಕೂತೆ ಅಂದರೂ ಸಲ್ಲುತ್ತದೆ.

"ಮಣ್ಣು ತಗೀದಂಗ ಬ್ಯಾಲೆನ್ಸಿಂಗ್ ಮಾಡಸಬ್ಯಾಡ್ರಿ ಸರ. ಮಷೀನಿಗೆ ಮಣ್ಣು ಯಾವುದು, ರಿಮ್ಮು ಯಾವುದು ಗೊತ್ತಾಗೂದಿಲ್ಲ. ಮಣ್ಣಿಗೆ ಸರಿಯಾಗಿ ಎದುರಿಗೆ ತೂಕ ಬಡೀತೈತಿ. ನಾಳೆ ಮಣ್ಣು ಉದರಿ ಬಿತ್ತು ಅಂದ್ರ ಆ ತೂಕಾನೇ ನಿಮಗ ರೋಗ ಆಗತೈತಿ."

ಎಷ್ಟು ಜನ ಹೀಗೆ ಮೋಸ ಹೋಗಿರಬೇಕು! ಮಣ್ಣಿರುವಾಗಲೇ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ, ನಡುಕ ನಿಲ್ಲುತ್ತದೆ, ಸಂತೋಷವಾಗುತ್ತದೆ. ಹದಿನೈದು ದಿನಕ್ಕೆ ರಸ್ತೆಯ ಯಾವುದೋ ಹಂಪಿಗೆ ಮಣ್ಣಿನ ಹೆಂಟೆ ಕಳಚಿ ಬೀಳುತ್ತದೆ, ನಡುಕ ತಿರುಗಿ ಬರುತ್ತದೆ. ಬ್ಯಾಲೆನ್ಸಿಂಗ್ ಮಾಡಿಸಿಯಾಗಿದೆ, ಹಾಗಾದರೆ ಕಾಯಿಲೆ ಬೇರೆಯೇ ಇರಬೇಕು ಎಂದು ರ‍್ಯಾಕು, ಆರ್ಮು, ಶಾಕ್ ಅಬ್ಸಾರ್ಬರು ಒಂದೊಂದಾಗಿ ಬದಲಾಗುತ್ತವೆ. ನೂರರ ಲೆಕ್ಕದಲ್ಲಿ ಮುಗಿಯುತ್ತಿದ್ದ ಕೆಲಸ ಹತ್ತಾರು ಸಾವಿರಕ್ಕೆ ಹೋಗಿ ನಿಲ್ಲುತ್ತದೆ. ಒಂದು ಋತುವಿನ ಒಣದ್ರಾಕ್ಷಿಯ ದುಡ್ಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರಿಗೆ ಹೀಗಾದರೆ ಆ ಮನೆಗೆ ಅದು ಸಣ್ಣ ಪೆಟ್ಟಲ್ಲ.

ಬ್ಯಾಲೆನ್ಸಿಂಗ್ ಯಂತ್ರದ ಕೆಲಸ ಕಣ್ಣಾರೆ ನೋಡುವಂಥದ್ದು. ಗಾಲಿಯನ್ನು ಅದರ ನಡುವಿನ ತೂತಿನಿಂದ ದಂಡಕ್ಕೆ ಏರಿಸಿ ಜೋರಾಗಿ ತಿರುಗಿಸುತ್ತಾರೆ. ಒಳಬದಿಗೆ ಇಷ್ಟು ಗ್ರಾಂ, ಹೊರಬದಿಗೆ ಇಷ್ಟು ಗ್ರಾಂ ಎಂದು ಅಂಕಿ ಬರುತ್ತದೆ. ಅಷ್ಟು ತೂಕದ ಲೋಹದ ತುಂಡನ್ನು ರಿಮ್ಮಿನ ಅಂಚಿಗೆ ಬಡಿಯುತ್ತಾರೆ, ಅಲಾಯ್ ಆದರೆ ಅಂಟಿಸುತ್ತಾರೆ. ಅಲ್ಲಿನ ಹುಡುಗ ಎಡಗಾಲಿಯ ಮೇಲಿದ್ದ ಹಳೆಯ ತೂಕಗಳನ್ನೆಲ್ಲ ಇಕ್ಕಳದಿಂದ ಕಿತ್ತು ಹೊಸದಾಗಿ ಶುರುಮಾಡಿದ. ತೂಕ ಬಡಿದ ಮೇಲೆ ಇನ್ನೊಂದು ಸಲ ತಿರುಗಿಸಿ ಎರಡೂ ಕಡೆ ಸೊನ್ನೆ ಬಂದದ್ದನ್ನು ತೋರಿಸಿದ. ಆ ಎರಡನೆಯ ಸುತ್ತನ್ನು ನೀವು ಕೇಳಿ ಮಾಡಿಸಬೇಕು, ಎಷ್ಟೋ ಕಡೆ ಅವಸರದಲ್ಲಿ ಬಿಟ್ಟುಬಿಡುತ್ತಾರೆ. ಅಲಾಯ್ ಗಾಲಿ ಇದ್ದವರು ಇನ್ನೊಂದನ್ನು ಗಮನಿಸಬಹುದು: ರಿಮ್ಮಿನ ಒಳಮೈಯಲ್ಲಿ ಧೂಳಿನ ನಡುವೆ ಚೌಕಾಕಾರದ ಒಂದು ಸ್ವಚ್ಛ ಗುರುತು ಕಂಡರೆ ಅಲ್ಲಿದ್ದ ತೂಕ ಉದುರಿದೆ ಎಂದೇ ಅರ್ಥ.

ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಎರಡೂ ಒಂದೇ ಎಂದು ತಿಳಿದವರು ಬಹಳ. ಅಲೈನ್‌ಮೆಂಟ್ ತಪ್ಪಿದರೆ ಕಾರು ಒಂದು ಬದಿಗೆ ಎಳೆಯುತ್ತದೆ, ನೇರ ಹೋಗುವಾಗ ಸ್ಟೇರಿಂಗ್ ಓರೆಯಾಗಿ ನಿಲ್ಲುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ನಡುಕ ಅದರ ಲಕ್ಷಣವಲ್ಲ.

ನಾಲ್ಕೂ ಗಾಲಿ ಸರಿಯಾದ ಮೇಲೆ ಮಿಸ್ತ್ರಿಯನ್ನೇ ಪಕ್ಕದಲ್ಲಿ ಕೂಡಿಸಿಕೊಂಡು ಹೆದ್ದಾರಿಗೆ ಹೋದೆ. 80, 85, 90. ಅಂಗೈಯಲ್ಲಿ ಏನೂ ಇಲ್ಲ. ನನಗಾದ ಖುಷಿ ಹೇಳತೀರದು. ಹಿಂದೆ ಯಾರೂ ಇಲ್ಲದ್ದನ್ನು ಕನ್ನಡಿಯಲ್ಲಿ ನೋಡಿ ಮಿಸ್ತ್ರಿ, "ಈಗ ಬ್ರೇಕ್ ಹಿಡೀರಿ, ಮೆಲ್ಲಗ, ಒಂದ ಸಮ" ಎಂದರು. ಹಿಡಿದೆ. ಸ್ಟೇರಿಂಗ್ ಮತ್ತೆ ನಡುಗಿತು. ಈ ಸಲದ್ದು ಬೇರೆಯೇ. ಪೆಡಲ್ಲಿನ ಮೇಲಿದ್ದ ಕಾಲಿಗೂ ಅದರ ಮಿಡಿತ ತಿಳಿಯುತ್ತಿತ್ತು. ಕಾಲು ತೆಗೆದೊಡನೆ ನಿಂತಿತು. ಇಷ್ಟು ದಿನ ದೊಡ್ಡ ನಡುಕದ ಕೆಳಗೆ ಇನ್ನೊಂದು ಸಣ್ಣ ನಡುಕ ಅಡಗಿ ಕೂತಿತ್ತು. ನಾನು ಎರಡನ್ನೂ ಒಂದೇ ಎಂದು ತಿಳಿದಿದ್ದೆ.

ಬ್ರೇಕ್ ಹಿಡಿದಾಗ ಮಾತ್ರ ನಡುಗಿದರೆ ಕೈ ತೋರಿಸಬೇಕಾದದ್ದು ಮುಂದಿನ ಬ್ರೇಕ್ ಡಿಸ್ಕುಗಳ ಕಡೆಗೆ. ಗ್ಯಾರೇಜುಗಳಲ್ಲಿ ಇದನ್ನು ಡಿಸ್ಕ್ ಬೆಂಡ್ ಆಗಿದೆ ಅನ್ನುತ್ತಾರೆ. ಬಹಳ ಸಲ ಅದು ನಿಜವಾಗಿ ಬಾಗಿರುವುದಿಲ್ಲ, ಸುತ್ತಲೂ ಒಂದೇ ದಪ್ಪ ಉಳಿದಿರುವುದಿಲ್ಲ. ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟು ದಪ್ಪ ಹೆಚ್ಚುಕಡಿಮೆಯಾದರೂ ಸಾಕು, ನಮ್ಮ ತಲೆಗೂದಲಿಗಿಂತ ತೆಳುವಾದ ಆ ಅಂತರವನ್ನು ಕೈ ಗುರುತಿಸುತ್ತದೆ. ದಪ್ಪ ಜಾಗ ಬಂದಾಗ ಪ್ಯಾಡು ಬಿಗಿ ಹಿಡಿಯುತ್ತದೆ, ತೆಳು ಜಾಗ ಬಂದಾಗ ಸಡಿಲಾಗುತ್ತದೆ, ಆ ಹಿಡಿ-ಬಿಡಿಯೇ ಸ್ಟೇರಿಂಗಿನವರೆಗೆ ಏರಿ ಬರುತ್ತದೆ. ಕಾದ ಡಿಸ್ಕಿಗೆ ಪ್ಯಾಡನ್ನು ಒತ್ತಿ ಹಿಡಿದೇ ನಿಂತರೆ ಪ್ಯಾಡಿನ ಮಸಾಲೆ ಆ ಜಾಗಕ್ಕೆ ಅಂಟುತ್ತದೆ. ಗಾಲಿಯ ನಟ್ಟುಗಳನ್ನು ಏರ್ ಗನ್ನಿನಿಂದ ಒಂದೊಂದಕ್ಕೆ ಒಂದೊಂದು ಬಿಗಿ ಕೊಟ್ಟರೂ ಡಿಸ್ಕು ಓರೆಯಾಗಿ ಕೂತು ಸಾವಿರಾರು ಕಿಲೋಮೀಟರಿನಲ್ಲಿ ಮೆಲ್ಲಮೆಲ್ಲಗೆ ಹೀಗೆ ಸವೆಯುತ್ತದೆ. ಬಬಲೇಶ್ವರದ ಕಡೆ ಹೋಗುವಾಗ ಪ್ರತಿ ಊರಿನ ಮುಂದೆಯೂ ಹಂಪು, ಬಣ್ಣ ಹಚ್ಚದ, ಬೋರ್ಡಿಲ್ಲದ ಹಂಪು. ರಸ್ತೆ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾನದಂಡ ಹೇಳಿತ್ತು. ಊರವರು ಅಪಘಾತಕ್ಕೆ ಹೆದರಿ ತಾವೇ ಹಾಕಿಕೊಂಡ ಹಂಪುಗಳಿಗೆ ಅಳತೆ ಎಲ್ಲಿಂದ ಬರಬೇಕು? ಮಕ್ಕಳು ಓಡಾಡುವ ರಸ್ತೆಯ ಬದಿ ಮನೆ ಇದ್ದವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಕೊನೆಗಳಿಗೆಯಲ್ಲಿ ಕಂಡ ಹಂಪಿಗೆ ಜೋರಾಗಿ ಬ್ರೇಕ್ ಒತ್ತಿ ಒತ್ತಿ ಡಿಸ್ಕುಗಳು ಕಾಯುವುದೂ ನಿಜ.

ಮಿಸ್ತ್ರಿ ಡಿಸ್ಕಿನ ದಪ್ಪವನ್ನು ಐದಾರು ಕಡೆ ಅಳೆದರು. ಕನಿಷ್ಠ ಎಷ್ಟು ದಪ್ಪ ಇರಬೇಕೆಂದು ಡಿಸ್ಕಿನ ಮೇಲೆಯೇ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ, ತುಕ್ಕು ಕೆರೆದರೆ ಕಾಣುತ್ತದೆ. ನನ್ನ ಡಿಸ್ಕು ಆ ಗೆರೆಯ ಹತ್ತಿರ ಬಂದಿತ್ತು. ಲೇಥಿಗೆ ಹಾಕಿ ಸಮ ಮಾಡಿಸಿದರೆ ಇನ್ನೂ ತೆಳುವಾಗುತ್ತದೆ, ಬೇಡ ಎಂದರು. ಎರಡೂ ಬದಿಯ ಡಿಸ್ಕು, ಪ್ಯಾಡು ಹೊಸವು ಬಂದವು. ಒಂದೇ ಬದಿಯದನ್ನು ಬದಲಿಸಬಾರದು, ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ.

ಉಳಿದ ಕಾರಣಗಳನ್ನು ಬೇಗ ಹೇಳುತ್ತೇನೆ. ಆಕ್ಸಿಲರೇಟರ್ ಒತ್ತಿದಾಗ ನಡುಗಿ, ಬಿಟ್ಟಾಗ ನಿಂತರೆ ಗಾಲಿಗೆ ಶಕ್ತಿ ಕೊಡುವ ಆಕ್ಸೆಲ್ಲಿನ ಒಳಜಾಯಿಂಟು ನೋಡಬೇಕು. ನಿಂತಲ್ಲೇ ನಡುಗಿದರೆ ಗಾಲಿಗೆ ಸಂಬಂಧವಿಲ್ಲ, ಎಂಜಿನ್ ಹೊತ್ತ ರಬ್ಬರುಗಳನ್ನು ನೋಡಬೇಕು. ಸೀಟು ನಡುಗಿ ಸ್ಟೇರಿಂಗ್ ಸುಮ್ಮನಿದ್ದರೆ ದೋಷ ಹಿಂದಿನ ಗಾಲಿಗಳದ್ದು. ಇದನ್ನೇ ಬಳಸಿ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮುಂದಿನ ಎರಡು ಗಾಲಿ ಹಿಂದಕ್ಕೆ, ಹಿಂದಿನವು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಅದೇ ವೇಗಕ್ಕೆ ಓಡಿಸಿ. ನಡುಕ ಕೈಯಿಂದ ಸೀಟಿಗೆ ಹೋದರೆ ದೋಷ ಗಾಲಿಯಲ್ಲೇ ಇದೆ. ಎಲ್ಲಿದೆಯೋ ಅಲ್ಲೇ ಉಳಿದರೆ ಬಾಲ್ ಜಾಯಿಂಟ್, ಟೈ ರಾಡ್, ಬುಷ್, ಬೇರಿಂಗ್ ಕಡೆ ಹೋಗಬೇಕು. ಅದಕ್ಕೂ ಬೇಕಾದದ್ದು ಎರಡು ಕೈ. ಗಾಲಿ ಎತ್ತಿ, ಮೇಲೊಂದು ಕೆಳಗೊಂದು ಕೈ ಹಿಡಿದು ಅಲುಗಿಸಿ. ಕಟ್ ಎಂದರೆ ಬೇರಿಂಗೋ ಬಾಲ್ ಜಾಯಿಂಟೋ. ಎಡಕ್ಕೊಂದು ಬಲಕ್ಕೊಂದು ಕೈ ಹಿಡಿದು ಅಲುಗಿಸಿ. ಕಟ್ ಎಂದರೆ ಟೈ ರಾಡಿನ ತುದಿ ಸವೆದಿದೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಯಾರೂ ತಲೆ ಹಾಕಬಾರದು. ಎತ್ತಿದ ಮೇಲೆ ಸ್ಟೆಪ್ನಿಯನ್ನಾದರೂ ಅಡಿಗೆ ಸರಿಸಿಡಿ.

ಸವೆದ ಜಾಯಿಂಟು ತಾನಾಗಿ ನಡುಕ ಹುಟ್ಟಿಸುವುದು ಕಡಿಮೆ. ಗಾಲಿಯಲ್ಲಿ ಹುಟ್ಟಿದ ಸಣ್ಣ ನಡುಕವನ್ನು ಅದು ದೊಡ್ಡದು ಮಾಡುತ್ತದೆ. ಬಹಳ ದಿನ ಬಿಟ್ಟ ನಡುಕ ಒಳ್ಳೆಯ ಜಾಯಿಂಟನ್ನೂ ತಿಂದುಹಾಕುತ್ತದೆ. ಹೀಗೆ ಒಂದನ್ನೊಂದು ಬೆಳೆಸುತ್ತವೆ.

ಈ ಕಾಯಿಲೆಗೆ ನೂರು ವರ್ಷದ ಚರಿತ್ರೆ ಇದೆ. 1923ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ ಕಡಿಮೆ ಗಾಳಿಯ ದಪ್ಪ ಬಲೂನ್ ಟೈರು ತಂದಿತು. ಸವಾರಿ ಮೆತ್ತಗಾಯಿತು, ಆದರೆ ಮುಂದಿನ ಗಾಲಿಗಳು ಎಡಬಲ ಕುಣಿಯತೊಡಗಿದವು. ಆಗ ಅಲ್ಲಿ ಜನಪ್ರಿಯವಾಗಿದ್ದ ಶಿಮ್ಮಿ ಎಂಬ ಕುಣಿತದ ಹೆಸರನ್ನೇ ಈ ನಡುಕಕ್ಕೂ ಇಟ್ಟರು. ಎರಡೂ ಗಾಲಿಗಳನ್ನು ಒಂದೇ ಅಡ್ಡ ದಂಡಕ್ಕೆ ಕಟ್ಟಿದ್ದು ಕುಣಿತಕ್ಕೆ ಒಂದು ಮುಖ್ಯ ಕಾರಣವೆಂದು ಎಂಜಿನಿಯರುಗಳು ಕಂಡುಕೊಂಡರು. 1934ರ ಹೊತ್ತಿಗೆ ಜನರಲ್ ಮೋಟರ್ಸಿನ ಕಾರುಗಳಲ್ಲಿ ಮುಂದಿನ ಎರಡು ಗಾಲಿ ಬೇರೆ ಬೇರೆಯಾಗಿ ಏಳುಬೀಳುವ ಏರ್ಪಾಡು ಬಂತು. ನಮ್ಮ ಹಳ್ಳಿಗಳಿಗೆ ಜನ ಹೊತ್ತು ಓಡಿದ ಕಮಾಂಡರ್ ಜೀಪುಗಳಲ್ಲಿ ಮಾತ್ರ ಹಳೆಯ ಅಡ್ಡ ದಂಡವೇ ಇತ್ತು. ತಗ್ಗು ಹಾರಿದೊಡನೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಹೊಡೆದಾಡುತ್ತಿದ್ದ ಆ ಜೀಪುಗಳನ್ನು ಮಿಸ್ತ್ರಿ ಇಂದಿಗೂ ನೆನೆಯುತ್ತಾರೆ. ಡ್ರೈವರುಗಳು ಎರಡೂ ಕೈಯಿಂದ ಬಿಗಿ ಹಿಡಿದು ಓಡಿಸುತ್ತಿದ್ದರು. ಅದನ್ನೇ ಚಾಲಾಕು ಎಂದು ತಿಳಿಯುವ ಕಾಲವಿತ್ತು.

ಇಂದು ಜೀಪುಗಳ ಜಾಗಕ್ಕೆ ಕ್ರೂಸರುಗಳು ಬಂದಿವೆ. ಬಿಗಿ ಹಿಡಿದು ಓಡಿಸುವ ಆ ರೂಢಿ ಹೋಗಿಲ್ಲ. ನನಗೆ ನಿಜವಾದ ಚಿಂತೆ ಇರುವುದು ಇಲ್ಲಿ. ತಿಕೋಟಾಕ್ಕೆ ದ್ರಾಕ್ಷಿ ಕೊಯ್ಲಿಗೆ ಹೋಗುವ ಹೆಣ್ಣುಮಕ್ಕಳು, ಬಬಲೇಶ್ವರದಿಂದ ಮದುವೆಗೆ ಹೊರಟ ದಿಬ್ಬಣ, ಒಂದೊಂದು ಕ್ರೂಸರಿನಲ್ಲಿ ಸೀಟಿಗಿಂತ ಹೆಚ್ಚು ಜನ. ಪಂಕ್ಚರ್ ಆದರೆ ರಸ್ತೆಬದಿಯಲ್ಲಿ ಹತ್ತು ನಿಮಿಷದಲ್ಲಿ ಗಾಲಿ ಬದಲು. ಗಾಲಿ ಕೂರುವ ಹಬ್ಬಿಗೂ ರಿಮ್ಮಿಗೂ ನಡುವೆ ಒಣಮಣ್ಣು ಉಳಿದಿದ್ದರೆ ಆಗ ಬಿಗಿಯಾದ ನಟ್ಟು, ಮಣ್ಣು ಪುಡಿಯಾಗಿ ಉದುರಿದ ಮೇಲೆ ಸಡಿಲಾಗುತ್ತದೆ. ಗಾಲಿ ಬಿಚ್ಚಿ ಹಾಕಿದ ಅದೇ ದಿನ ಇದ್ದಕ್ಕಿದ್ದಂತೆ ಸ್ಟೇರಿಂಗ್ ನಡುಗಿದರೆ, ಅಡಿಯಿಂದ ಟಕ್ ಟಕ್ ಸದ್ದು ಬಂದರೆ, ಮುಂದಿನ ಊರು ಬರಲಿ ಎಂದು ಕಾಯಬಾರದು. ಅಲ್ಲೇ ನಿಲ್ಲಿಸಿ ಪಾನಾ ಹಾಕಿ ನೋಡಬೇಕು. ನಟ್ಟುಗಳನ್ನು ಸುತ್ತುವರಿಯಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯಬೇಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಬಿಗಿ ಸಾಕು, ಪಾನಾದ ಮೇಲೆ ನಿಂತು ಕುಣಿಯುವ ಅಗತ್ಯವಿಲ್ಲ. 50 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ನೋಡಬೇಕು. ಒಬ್ಬ ಡ್ರೈವರಿಗೆ ಈ ಮಾತು ಹೇಳಿದಾಗ ಆತ ಹೇಳಿದ: "ಸವಾರಿ ಕುಂತಿರತಾವ್ರೀ ಕಾಕಾ, ಇಳದು ಪಾನಾ ಹಾಕಿದ್ರ ಗಾಡಿ ಖರಾಬ್ ಐತಿ ಅಂತ ಬ್ಯಾರೆ ಗಾಡಿ ಹತ್ತತಾರ." ಹಾಗಾದರೆ ಕೂತವರಾದ ನಮಗೂ ಇದರಲ್ಲಿ ಕೆಲಸವಿದೆ. ಇಳಿದು ಗಾಲಿ ನೋಡುವ ಡ್ರೈವರಿನ ಗಾಡಿಯನ್ನೇ ನಾವು ಹತ್ತಬೇಕು.

ತಿಕೋಟಾದ ನೆಂಟರಿಗೆ ಆ ಮಣ್ಣಿನ ತುಂಡಿನ ಕಥೆ ಹೇಳಿದ್ದೆ. ದೀಪಾವಳಿಯ ಮುಂದೆ ಮತ್ತೆ ತೋಟಕ್ಕೆ ಹೋಗಿ ಹೊರಡುವಾಗ ನೆಂಟರ ತಾಯಿ ಒಂದು ಕೊಡ ನೀರು ಮತ್ತು ಕಳೆ ಕೀಳುವ ಖುರ್ಪಿ ತಂದು ಗಾಲಿಯ ಪಕ್ಕ ಇಟ್ಟರು. "ಹಸಿ ಇದ್ದಾಗ ಕೆರಕೊಂಡು ಹೋಗಪಾ, ಒಣಗಿದ್ರ ನಿನ್ನ ಮಾತು ಕೇಳೂದಿಲ್ಲ ಅದು" ಎಂದರು. ಗಾಲಿಯನ್ನು ಅರ್ಧರ್ಧ ಸುತ್ತು ಮುಂದೆ ಸರಿಸುತ್ತ, ಒಳಮೈಗೆ ಕೈ ಹಾಕಿ, ನಾಲ್ಕನ್ನೂ ಕೆರೆದೆ. ಹಸಿ ಎರೆ ಬೆಣ್ಣೆಯ ಹಾಗೆ ಖುರ್ಪಿಗೆ ಬಂತು.

ಆ ವಾರ ಅತ್ತೆಯ ಕಣ್ಣಿನ ಎರಡನೆಯ ತಪಾಸಣೆ ಇತ್ತು. ತಿಡಗುಂದಿ ದಾಟುವಾಗ ಮುಳ್ಳು 90ರಲ್ಲಿತ್ತು. ಕನ್ನಡಕದ ಡಬ್ಬಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಲ್ಲೇ ಇತ್ತು. ಅತ್ತೆ ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಮಲಗಿದವರು ಝಳಕಿ ಬರುವವರೆಗೆ ಏಳಲಿಲ್ಲ.